ಸೂತಕದ ಸೇವಂತಿಗೆ

ಆಯುಧಪೂಜೆಗೆ ಇನ್ನು ಒಂದು ವಾರವಿತ್ತು. ಬೆಳಗಿನ ಹಾಜರಿ ಮುಗಿಸಿ ಆಳುಗಳಿಗೆ ಕೆಲಸ ಹಂಚುತ್ತಿದ್ದಾಗ ನೇಕಾರರ ಬೀದಿಯಿಂದ ಒಬ್ಬರು ಬಂದು, ಒಂದು ಚಟ್ಟಕ್ಕೆ ಹೂವಿನ ಅಲಂಕಾರ ಬೇಗ ಆಗಬೇಕು ಎಂದರು. ಯಾರದು ಎಂದು ಕೇಳಿದೆ.

"ಕಾರ್ಡ್ ಹೊಡೀತಿದ್ನಲ್ಲ, ಅವನು. ನಿನ್ನೆ ಲಾರಿಗೆ ಸಿಕ್ಕಾಕ್ಕೊಂಡ."

ದೊಡ್ಡಬಳ್ಳಾಪುರದಲ್ಲಿ ಆಗ ನನ್ನದು ಹೂವಿನ ಅಲಂಕಾರದ ಕೆಲಸ. ಮದುವೆ ಮಂಟಪ, ದೇವರ ಪಲ್ಲಕ್ಕಿ, ಹೆಣದ ಚಟ್ಟ, ಮೂರಕ್ಕೂ ಒಂದೇ ಶೆಡ್ಡು, ಅವೇ ಆಳುಗಳು. ಸೈನ್ಯದ ಪಟಾಲಂನಲ್ಲಿ ಕಲಿತ ಶಿಸ್ತನ್ನು ಶೆಡ್ಡಿಗೂ ತಂದಿದ್ದೆ. ಚಾಕು ಮೊಳೆಯಲ್ಲಿ, ನಾರು ನೀರಿನಲ್ಲಿ, ಹೂ ಬಣ್ಣವಾರು ಸಾಲಿನಲ್ಲಿ ಇರಬೇಕು. ಊರವರು ನನ್ನನ್ನು ಹವಾಲ್ದಾರ್ರು ಎಂದೇ ಕರೆಯುತ್ತಿದ್ದರು.

ಸತ್ತವನು ನನಗೆ ಚೆನ್ನಾಗಿ ಗೊತ್ತಿದ್ದವನು. ಸೀರೆಯ ಅಂಚಿನಲ್ಲಿ ಬರುವ ಹೂ, ಬಳ್ಳಿಗಳನ್ನು ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆ ಮೂಡಿಸುತ್ತದೆ. ಆ ಪೆಟ್ಟಿಗೆಗೆ ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ರಟ್ಟಿನ ಪಟ್ಟಿಗಳಲ್ಲಿರುವ ತೂತುಗಳು. ಆ ತೂತು ಹೊಡೆಯುವುದು ಅವನ ಕಸುಬು. ಅವನ ಜೊತೆಗಿದ್ದವನು ನನಗೆ ಸೇವಂತಿಗೆ ತಂದುಕೊಡುವ ಬೆಳೆಗಾರ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯವನು. ಇಬ್ಬರಿಗೂ ಪರಿಚಯವಾದದ್ದು ನನ್ನ ಶೆಡ್ಡಿನಲ್ಲಿಯೇ. ವರ್ಷಗಳಿಂದ ನೇಕಾರರ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದರು. ಬೆಳೆಗಾರ ಕೊಯ್ಲಿದ್ದಾಗ ಹಳ್ಳಿಗೆ ಹೋಗುವನು, ಹೂ ಇಳಿಸಿ ಆ ಮನೆಗೇ ಮರಳುವನು. ಅಂಥ ಬಾಳಿಗೆ ನಮ್ಮ ಊರಿನಲ್ಲಿ ಆಗ ಮರ್ಯಾದೆಯ ಮಾತೊಂದೂ ಇರಲಿಲ್ಲ. ಬೈಗುಳ ಮಾತ್ರ ಇತ್ತು. ಹೆಣ್ಣಿಗ ಎಂದು ಗಂಡಸನ್ನು ಹೀಯಾಳಿಸಲು ನಮ್ಮ ಕಡೆ "ಒಂಬತ್ತು" ಎನ್ನುತ್ತಾರೆ. ಅವರ ಮನೆ ಬಾಗಿಲ ಪಕ್ಕ, ಕೊಳಾಯಿಯ ಗೋಡೆ, ಟೀ ಅಂಗಡಿ, ಮಗ್ಗದ ಶೆಡ್ಡಿನ ಗೇಟು, ಹೀಗೆ ಬೀದಿಯುದ್ದಕ್ಕೂ ಯಾರೋ ಟಾರಿನಲ್ಲಿ ಆ ಅಂಕಿಯನ್ನು ಬರೆದಿದ್ದರು.

ನಡೆದದ್ದನ್ನು ಟೀ ಅಂಗಡಿಯವರು ಹೇಳಿದರು. ಸಂಜೆ ಟೀ ಕುಡಿಯಲು ಬಂದವನನ್ನು ಬೀದಿಯ ಹುಡುಗರು ರೇಗಿಸಿದರು. ಅವನು ಎದ್ದು ಹೊರಟ. ಹಿಂದೆಯೇ ಕೂಗುತ್ತಾ ಹೋದರು. ನಡೆಯುತ್ತಿದ್ದವನು ಓಡತೊಡಗಿದ, ಅವರೂ ಓಡಿದರು. ಬೀದಿ ಮುಗಿದಲ್ಲಿ ಹಿಂದೂಪುರದ ರಸ್ತೆ. ಲಾರಿ ಬರುತ್ತಿತ್ತು. ಪೊಲೀಸರು ಅಪಘಾತ ಎಂದು ಬರೆದುಕೊಂಡರು. ಬೀದಿಯವರೂ ಹಾಗೆಯೇ ಹೇಳಿದರು. ಮುಟ್ಟಿದವರಾರೂ ಇಲ್ಲ ಎನ್ನುವುದು ನಿಜವೂ ಆಗಿತ್ತು.

ನಾನು ಬಿದಿರು, ಹುರಿ, ಚೆಂಡುಹೂವಿನ ಸರ ಎಲ್ಲ ಎತ್ತಿಡಿಸುತ್ತಿದ್ದಾಗ ಬೆಳಗಿನ ಬಸ್ಸಿನಿಂದ ಬೆಳೆಗಾರ ಇಳಿದ. ಎರಡು ದಿನದಿಂದ ಹಳ್ಳಿಯಲ್ಲಿದ್ದವನು. ತಲೆಯ ಮೇಲೆ ಒಂದು ಬುಟ್ಟಿ, ಸೊಂಟದಲ್ಲಿ ಒಂದು. ಮುಖದಲ್ಲಿ ಹಬ್ಬದ ಕಳೆ.

"ಹವಾಲ್ದಾರ್ರೇ, ಹೂ ನೋಡಿ, ಹೆಂಗೈತೆ! ಈ ಸಲ ಹೊಸಕೋಟೆಯವ್ರು ನನ್ ಮುಂದೆ ನಿಲ್ಲೋಕಾಗಲ್ಲ." ಬುಟ್ಟಿ ಇಳಿಸಿ ಚಟ್ಟದ ಬಿದಿರನ್ನು ನೋಡಿದ. "ಬೆಳ್‌ಬೆಳಿಗ್ಗೇನೆ ಯಾರಿಗಪ್ಪಾ?"

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಹೇಳಿಬಿಟ್ಟೆ. ಅವನು ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು, ಹಿಂಡಿ, ಮತ್ತೆ ಮುಚ್ಚಿದ. ಆಮೇಲೆ, "ನಾನು ನೋಡ್ಬೇಕು," ಎಂದ.

ಹೆಣವನ್ನು ಅಣ್ಣನ ಮನೆಯಲ್ಲಿಟ್ಟಿದ್ದರು. ಅದೇ ಬೀದಿ. ಬಾಗಿಲಲ್ಲೇ ಅಣ್ಣ ತಡೆದರು. "ನಿಂಗೇನು ಕೆಲಸ ಇಲ್ಲಿ? ನಡಿ, ನಡಿ. ಇರೋ ಮಾನಾನೂ ಕಳೀಬೇಡ." ನಾನು ಹಿಂದಿನಿಂದ ಬಂದು ಒಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟು, "ನಮ್ಮ ಆಳು, ಒಳಗೆ ಬಿಡಿ," ಎಂದೆ. ಹಾಗೆ ಅವನು ನನ್ನ ಕೂಲಿಯವನಾಗಿ ಒಳಗೆ ಹೋದ. ಚಟ್ಟದ ಸುತ್ತ ಸೇವಂತಿಗೆ ಸರವನ್ನು ನಾನು ಹಿಡಿದೆ, ಅವನು ಬಿಗಿದ. ಗಂಟು ಹಾಕಲು ಬಗ್ಗಿದಾಗಲೆಲ್ಲ ಆ ಮುಖವನ್ನು ನೋಡಿದ. ಅಷ್ಟೇ ಅವನಿಗೆ ಸಿಕ್ಕಿದ್ದು.

ಮದುವೆಯಾಗದೆ ಸತ್ತವರಿಗೆ ಎಕ್ಕದ ಗಿಡದೊಂದಿಗೆ ಮದುವೆ ಮಾಡಿ ಕಳಿಸುವ ಪದ್ಧತಿ ಆ ಮನೆಯವರಲ್ಲಿತ್ತು. ಇಲ್ಲದಿದ್ದರೆ ಜೀವಕ್ಕೆ ದಾರಿ ಸಿಗದು ಎಂಬ ನಂಬಿಕೆ. ಅರಿಶಿನದ ಕೊಂಬು ಕಟ್ಟಿದ ಎಕ್ಕದ ಕೊಂಬೆಯನ್ನು ತಂದು ಹೆಣದ ಪಕ್ಕ ಇಟ್ಟರು. ಶಾಸ್ತ್ರ ಮಾಡಿಸುವ ಹಿರಿಯರು, "ಹಾರ ಎಲ್ರಯ್ಯಾ?" ಎಂದು ಕೂಗಿದರು. ಹಾರ ಬೆಳೆಗಾರನ ಕೈಯಲ್ಲಿತ್ತು. ಒಂದನ್ನು ಸತ್ತವನ ಕೊರಳಿಗೆ, ಇನ್ನೊಂದನ್ನು ಕೊಂಬೆಗೆ ಹಾಕಲು ಅವನೇ ಎತ್ತಿ ಕೊಡಬೇಕಾಯಿತು. ಕೊಟ್ಟ. ಆಮೇಲೆ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸಿ ಹೊರಗೆ ಬಂದ. ಹೆಣ ಹೋದ ಮೇಲೆ ಬೀದಿಯ ಕೊಳಾಯಿಯಲ್ಲಿ ಬಟ್ಟೆ ಸಮೇತ ತಲೆಯ ಮೇಲೆ ನೀರು ಸುರಿದುಕೊಂಡ. ಅದು ಮನೆಯವರು ಮಾಡುವ ಸ್ನಾನ. ನೋಡಿದವರು ಮುಖ ತಿರುಗಿಸಿದರು.

ಹಬ್ಬದ ಕೆಲಸ ನನ್ನ ತಲೆಯ ಮೇಲಿತ್ತು. ದಸರೆಯ ವಾರದ ಸೇವಂತಿಗೆಯಷ್ಟೂ ಅವನ ಹೊಲದಿಂದಲೇ ಬರಬೇಕಿತ್ತು. ಎರಡು ದಿನ ಕಾದೆ. ಮೂರನೆಯ ದಿನ ಅವನು ಬರಿಗೈಯಲ್ಲಿ ಬಂದು ಶೆಡ್ಡಿನ ಹೊರಗೇ ನಿಂತ.

"ಹೂ ಎಲ್ಲಪ್ಪಾ?"

"ಗಿಡದ್ ಮೇಲೈತೆ. ಕೊಡೋಕಾಗಲ್ಲ. ನಂಗೆ ಸೂತಕ."

ಸಾವಿನ ಮನೆಯವರು ಹತ್ತು ದಿನ ಸೂತಕದಲ್ಲಿರುತ್ತಾರೆ. ದೇವರನ್ನು ಮುಟ್ಟುವುದಿಲ್ಲ, ಹಬ್ಬ ಮಾಡುವುದಿಲ್ಲ. ಹನ್ನೊಂದನೆಯ ದಿನ ತಲೆಗೆ ನೀರು ಹಾಕಿಸಿಕೊಂಡು ಸೂತಕ ಕಳೆಯುತ್ತಾರೆ. ಸಂತೆಯ ಹೂ ಯಾರ ಮನೆಯಿಂದ ಬಂತೆಂದು ಯಾರೂ ಕೇಳುವುದಿಲ್ಲ, ನಿಜ. ಆದರೆ ಗೊತ್ತಿದ್ದೂ ಸೂತಕದವನ ಕೈಯ ಹೂವನ್ನು ದೇವರಿಗೆ ಹಾಕುವವರು ನಮ್ಮಲ್ಲಿಲ್ಲ.

ನಮ್ಮ ಶೆಡ್ಡಿನಲ್ಲಿ ಹೂ ಕಟ್ಟುವ ಹಿರಿಯಾಕೆ ಒಳಗಿನಿಂದಲೇ ನಕ್ಕಳು. "ಅಯ್ಯೋ ಮಂಕೇ! ರಕ್ತಸಂಬಂಧವಾ, ತಾಳಿಸಂಬಂಧವಾ? ನಿಂಗ್ಯಾವ ಸೂತಕಾನೋ? ಬಾಡಿಗೆ ಮನೆ ಪಾಲುದಾರಂಗೆಲ್ಲ ಸೂತಕ ಬಂದ್ರೆ ಈ ಊರಲ್ಲಿ ಹಬ್ಬಾನೇ ಆಗಾಕಿಲ್ಲ."

ಅವನು ಅವಳ ಕಡೆ ತಿರುಗದೆ ನನಗೆ ಹೇಳಿದ. "ಅವನ ಅಣ್ಣಂಗೆ ಸೂತಕ ಐತೆ. ನಮ್ ಮನೆಗೆ ಬಂದು ಒಂದು ಲೋಟ ನೀರು ಕುಡಿದೋನಲ್ಲ. ನಂಗಿಲ್ವಾ?"

ನಾನು ಹೊಸಕೋಟೆಯ ಬೆಳೆಗಾರರಿಗೆ ಹೇಳಿ ಕಳುಹಿಸಿದೆ. ಹೂ ಸಣ್ಣದು, ಅರ್ಧ ಬಾಡಿದ್ದು, ಆದರೂ ಒಪ್ಪಿಕೊಂಡೆ. ಬೆಳೆಗಾರ ಇನ್ನೂ ನಿಂತೇ ಇದ್ದ. ಅವನ ಕಂಕುಳಲ್ಲಿ ಹುರಿಯಿಂದ ಪೋಣಿಸಿದ ಒಂದು ಕಟ್ಟು ರಟ್ಟಿನ ಪಟ್ಟಿಗಳಿದ್ದವು. ಸತ್ತವನು ಕೊನೆಗೆ ಹೊಡೆದಿದ್ದ ಕಾರ್ಡುಗಳು, ಇನ್ನೂ ಮಗ್ಗಕ್ಕೆ ಏರದ ಒಂದು ಅಂಚಿನವು.

"ಈ ಡಿಸೈನನ್ನು ಹೂವಲ್ಲಿ ಮಾಡ್ಬೇಕು ಹವಾಲ್ದಾರ್ರೇ. ಬೀದೀಲಿ ಎಲ್ಲೆಲ್ಲಿ ಆ ಅಂಕಿ ಬರ್ದವ್ರೋ ಅಲ್ಲೆಲ್ಲ ಅದರ ಮೇಲೆ ನಿಲ್ಲಿಸ್ಬೇಕು. ಹಬ್ಬದ ದಿನ, ಎಲ್ಲಾ ಬೀದಿಗೆ ಬರೋ ಹೊತ್ಗೆ."

"ಅಂಕಿ ಅಳಿಸಿದ್ರೆ ಸಾಲ್ದಾ? ಸುಣ್ಣ ನಾನೇ ಕೊಡಿಸ್ತೀನಿ."

"ಅಳಿಸಿ ಅಳಿಸಿ ಸಾಕಾಯ್ತು. ಅವನೇ ಅಳಿಸ್ತಿದ್ದ, ಮತ್ತೆ ಬರೀತಿದ್ರು. ಹೂ ಇಟ್ರೆ, ಬರಿಯೋಕೆ ಮುಂಚೆ ಅದನ್ನ ಕೀಳ್ಬೇಕು. ಕೀಳೋ ಕೈ ಯಾರ್ದು ಅಂತ ನಿಂತ್ಕೊಂಡು ನೋಡ್ತೀನಿ. ಅವನನ್ನ ಓಡಿಸ್ದೋರ್ಯಾರು ಅಂತ ಪೊಲೀಸ್ರ ಮುಂದೆ ಯಾರೂ ಹೇಳ್ಲಿಲ್ವಲ್ಲ. ಇದಾದ್ರೂ ನೋಡಾನ."

ಹಬ್ಬದ ಹೊರೆಯ ನಡುವೆ ಇದು ಆಗುವ ಕೆಲಸವಲ್ಲ ಎಂದು ನನ್ನ ಲೆಕ್ಕ ಹೇಳಿತು. ಮಾಡುತ್ತೇನೆ ಎಂದು ಬಾಯಿ ಹೇಳಿತು. ಏಕೆಂದು ಆಗ ಯೋಚಿಸಲಿಲ್ಲ. ಹಾರ ಎತ್ತಿ ಕೊಟ್ಟ ಅವನ ಕೈ ಕಣ್ಣ ಮುಂದಿತ್ತು, ಅದೇ ಕಾರಣವಿರಬೇಕು.

ಕೆಲಸವನ್ನು ಹೀಗೆ ವಿಂಗಡಿಸಿದೆ. ಹಬ್ಬದ ಹೂ ಮುಂದಿನ ಶೆಡ್ಡಿನಲ್ಲಿ, ಅವನ ಹೂ ಹಿತ್ತಲಿನಲ್ಲಿ. ಎರಡಕ್ಕೂ ಬೇರೆ ನೀರು, ಬೇರೆ ಚಾಕು, ಬೇರೆ ನಾರು. ಹಿತ್ತಲಿನಿಂದ ಬಂದವರು ಕೈಕಾಲು ತೊಳೆಯದೆ ಮುಂದಕ್ಕೆ ಬರುವಂತಿಲ್ಲ. ಆಳುಗಳು ಹಿತ್ತಲಿನ ಕೆಲಸವನ್ನೇ ಒಲ್ಲೆ ಎಂದರು. "ಒಂಬತ್ತರ ಕೆಲಸ ಮಾಡಿದ್ರು ಅಂತ ನಮಗೂ ಅದೇ ಹೆಸರು ಇಡ್ತಾರೆ," ಎಂದ ಚಪ್ಪರ ಕಟ್ಟುವವನು. ಬಲವಂತ ಮಾಡಲಿಲ್ಲ. ನಾನು, ನನ್ನ ಹೆಂಡತಿ, ಬೆಳೆಗಾರ, ಮೂವರೇ ಕೂತೆವು. ಹಿರಿಯಾಕೆ ಒಮ್ಮೆ ಬಾಗಿಲಿಗೆ ಬಂದು, "ಗೋಡೆಗೆ ಹೂ ಮುಡಿಸ್ತೀರಲ್ಲ, ಗೋಡೆಗೇನು ಮದುವೇನಾ ಹವಾಲ್ದಾರ್ರೇ?" ಎಂದು ಕುಟುಕಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳೇ ಬಂದು, ಸೀರೆ ಎತ್ತಿ ಕಟ್ಟಿ, ಏನೂ ಹೇಳದೆ ಕಡ್ಡಿ ಚುಚ್ಚಲು ಕೂತಳು.

ಬಿದಿರಿನ ಚೌಕಟ್ಟು ಕಟ್ಟಿ, ಬಾಳೆದಿಂಡನ್ನು ಉದ್ದಕ್ಕೆ ಸೀಳಿ ಅಡ್ಡಡ್ಡಲಾಗಿ ಒಂದರ ಮೇಲೊಂದು ತೆಂಗಿನ ಹುರಿಯಿಂದ ಬಿಗಿದೆವು. ದಿಂಡಿನಲ್ಲಿ ನೀರಿರುವುದರಿಂದ ಚುಚ್ಚಿದ ಹೂ ದಿನವಿಡೀ ಬಾಡುವುದಿಲ್ಲ. ಹೂವಿನ ತೊಟ್ಟು ಕತ್ತರಿಸಿ, ನಡುವೆ ತೆಂಗಿನ ಗರಿಯ ಕಡ್ಡಿ ತೂರಿಸಿ ದಿಂಡಿಗೆ ಚುಚ್ಚಬೇಕು. ಒಂದು ಕಾರ್ಡಿಗೆ ಒಂದು ಸಾಲು. ತೂತಿದ್ದಲ್ಲಿ ಹಳದಿ, ಇಲ್ಲದಲ್ಲಿ ಬಿಳಿ. ಬೆಳೆಗಾರ ಕಾರ್ಡನ್ನು ಬೆಳಕಿಗೆ ಹಿಡಿದು ಓದುತ್ತಿದ್ದ: "ಬಿಳಿ, ಬಿಳಿ, ಹಳದಿ, ಬಿಳಿ." ನಾವು ಚುಚ್ಚುತ್ತಿದ್ದೆವು. ಅವನ ದನಿ ಕೆಲವು ಕಾರ್ಡುಗಳಲ್ಲಿ ನಿಂತುಹೋಗುತ್ತಿತ್ತು. ಆಗ ಹಿರಿಯಾಕೆ, "ಮುಂದಕ್ಕೆ ಓದೋ, ದಿಂಡು ಒಣಗ್ತದೆ," ಎನ್ನುವಳು. ಅವನು ಓದುವನು.

ಮೊದಲನೆಯ ಚೌಕಟ್ಟನ್ನು ಮುಗಿಸಿ ಗೋಡೆಗೆ ಆನಿಸಿ ನೋಡಿದೆವು. ಮೊಗ್ಗಿನ ಬಳ್ಳಿ ಅದು. ಮೊಗ್ಗುಗಳೆಲ್ಲ ಕತ್ತು ಮುರಿದ ಹಾಗೆ ಕೆಳಕ್ಕೆ ಜೋತಿದ್ದವು. ಕಾಗದ ಓದುವ ಅಭ್ಯಾಸದಂತೆ ನಾನು ಮೊದಲ ಕಾರ್ಡನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹಾಕಿಸಿದ್ದೆ. ಮಗ್ಗದಲ್ಲಿ ಬಟ್ಟೆ ಹುಟ್ಟುವುದು ಕೆಳಗಿನಿಂದ. ಇಷ್ಟು ವರ್ಷ ನೇಕಾರರ ಊರಿನಲ್ಲಿದ್ದೂ ಆ ಯೋಚನೆ ನನಗೆ ಬರಲಿಲ್ಲ.

"ತಲೆ ಕೆಳಗೆ ಮಾಡಿ ನಿಲ್ಲಿಸಿದ್ರಾಯ್ತಲ್ಲ," ಎಂದಳು ನನ್ನ ಹೆಂಡತಿ. ತಿರುಗಿಸಿ ನೋಡಿದೆವು. ಮೊಗ್ಗು ನೆಟ್ಟಗಾಯಿತು, ಬಳ್ಳಿ ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ ಹೋಯಿತು. "ಇರ್ಲಿ ಬಿಡಿ, ಯಾರಿಗೆ ಗೊತ್ತಾಗ್ತದೆ," ಎಂದೆ. ನಾನು ಹಾಗೆ ಹೇಳುವವನಲ್ಲ, ಆದರೆ ಹಬ್ಬ ಹತ್ತಿರವಾಗಿತ್ತು. ಬೆಳೆಗಾರ ಆಗಲೇ ಕಡ್ಡಿಗಳನ್ನು ಕೀಳತೊಡಗಿದ್ದ. "ಅವನಿಗೆ ಗೊತ್ತಾಗ್ತಿತ್ತು," ಎಂದ. ಚುಚ್ಚಿದ ಹೂ ಮತ್ತೆ ಚುಚ್ಚಲು ಬರುವುದಿಲ್ಲ, ಎಸಳು ಉದುರುತ್ತದೆ. ಅವನು ಹಳ್ಳಿಗೆ ಹೋಗಿ ಹೊಲದಲ್ಲಿ ಉಳಿದಿದ್ದ ಹೂವನ್ನಷ್ಟೂ ಕೊಯ್ದು ತಂದ. ಅರಳಬೇಕಿದ್ದದ್ದನ್ನೂ ಬಿಡಲಿಲ್ಲ.

ಆಯುಧಪೂಜೆಯ ದಿನ ಬೆಳಕು ಹರಿಯುತ್ತಿದ್ದಂತೆ ಒದ್ದೆ ಗೋಣಿ ಹೊದಿಸಿ ಕೈಗಾಡಿಯಲ್ಲಿ ಚೌಕಟ್ಟುಗಳನ್ನು ಬೀದಿಗೆ ಸಾಗಿಸಿದೆವು. ನೀರು ತುಂಬಿದ ದಿಂಡು ಬಹಳ ತೂಕ. ಹಿಂದಕ್ಕೆ ಎರಡು ಬಿದಿರಿನ ಊರುಗೋಲು ಕೊಟ್ಟು, ಬುಡಕ್ಕೆ ಕಲ್ಲು ಇಟ್ಟು ಗೋಡೆಗೆ ಒರಗಿಸಿದೆವು. ಮನೆ ಬಾಗಿಲ ಪಕ್ಕ ಒಂದು, ಕೊಳಾಯಿಯ ಬಳಿ ಒಂದು, ಟೀ ಅಂಗಡಿ, ಮಗ್ಗದ ಶೆಡ್ಡಿನ ಗೇಟು. ಕೊನೆಯದು ಬೀದಿ ರಸ್ತೆಗೆ ಸೇರುವ ಮೂಲೆಯಲ್ಲಿ. ಗೋಣಿ ತೆಗೆದಾಗ ಬಿಳಿಯ ಮೇಲೆ ಹಳದಿ ಮೊಗ್ಗಿನ ಬಳ್ಳಿ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಅವನು ಓಡಿದ ದಾರಿಯಲ್ಲೇ ಹೋಗುತ್ತಿತ್ತು. ಒಂದೂ ಅಂಕಿ ಕಾಣುತ್ತಿರಲಿಲ್ಲ. ಬೆಳೆಗಾರ ಟೀ ಅಂಗಡಿಯ ಎದುರು ಜಗುಲಿಯ ಮೇಲೆ ಕೂತ. ಯಾರ ಕೈ ಬರುತ್ತದೆಂದು ನೋಡಲು.

ಕೈಗಳು ಬಂದವು. ನಾವು ಎಣಿಸಿದ ರೀತಿಯಲ್ಲಲ್ಲ.

ನೇಕಾರರಿಗೆ ಆಯುಧಪೂಜೆ ಎಂದರೆ ಮಗ್ಗದ ಪೂಜೆ. ಬೆಳಿಗ್ಗೆಯೇ ಮಗ್ಗಗಳನ್ನು ಒರೆಸಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ಬೀದಿ ಸಾರಿಸಿ ರಂಗೋಲಿ ಇಡುತ್ತಾರೆ. ಸ್ನಾನ ಮುಗಿಸಿ ಹೊರಬಂದ ಹೆಂಗಸರು ಚೌಕಟ್ಟುಗಳನ್ನು ಕಂಡು, ಯಾರೋ ಹಬ್ಬಕ್ಕೆ ಬೀದಿಗೆಲ್ಲ ಅಲಂಕಾರ ಮಾಡಿಸಿದ್ದಾರೆ ಎಂದುಕೊಂಡರು. ಕೊಳಾಯಿಯ ಬಳಿಯ ಚೌಕಟ್ಟಿಗೆ ಒಬ್ಬಾಕೆ ಅರಿಶಿನ ಕುಂಕುಮ ಹಚ್ಚಿದಳು. ಹಿಂದೆಯೇ ಬಂದವಳು ಊದುಕಡ್ಡಿ ಸಿಕ್ಕಿಸಿದಳು. ಮಗ್ಗದ ಶೆಡ್ಡಿನ ಮಾಲೀಕರು ಹೊಸ ಪಂಚೆಯಲ್ಲಿ ಬಂದು ಗೇಟಿನ ಮುಂದೆ ನಿಂತು ನನ್ನ ಬೆನ್ನು ತಟ್ಟಿದರು. "ಹವಾಲ್ದಾರ್ರೇ, ಭೇಷ್! ಯಾರು ಮಾಡ್ಸಿದ್ದು? ಅಂಚಿನ ಡಿಸೈನು ಸಖತ್ತಾಗೈತೆ ಕಣ್ರೀ. ನಮ್ಮ ಸೀರೆಗೂ ಹಾಕ್ಸಾನ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹಿಂದಿದ್ದ ಹುಡುಗನೊಬ್ಬ ಚೌಕಟ್ಟಿನಿಂದ ಒಂದು ಹೂ ಕಿತ್ತು ಮಗ್ಗಕ್ಕೆ ಇಡಲು ಓಡಿದ. ಆ ವರ್ಷ ಹೂವಿಗೆ ಬರವಿತ್ತು, ಬೆಳೆಗಾರನ ಹೂ ಸಂತೆಗೆ ಬಂದಿರಲಿಲ್ಲವಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ಭಕ್ತಿಯಿಂದಲೇ ಕೀಳುತ್ತಿದ್ದರು, ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಅವತ್ತು ಸಂಜೆ ಓಡಿಸಿಕೊಂಡು ಹೋದ ಹುಡುಗರೂ ಅವರಲ್ಲಿದ್ದರು. ತಲೆ ಬಾಚಿ, ವಿಭೂತಿ ಇಟ್ಟು, ಬೊಗಸೆ ಒಡ್ಡಿ ಬಂದಿದ್ದರು.

ಬೆಳೆಗಾರ ಜಗುಲಿಯಿಂದ ಇಳಿದ. ಕೂಗಾಡಲಿಲ್ಲ. ಶೆಡ್ಡಿನ ಗೇಟಿನ ಬಳಿ ಬಂದು ಮಾಲೀಕರ ಮುಂದೆ ನಿಂತ.

"ಸ್ವಾಮಿ, ಆ ಹೂ ಮಗ್ಗಕ್ಕೆ ಹಾಕ್ಬೇಡಿ. ಅದು ಪೂಜೆ ಹೂವಲ್ಲ. ಸತ್ತೋನಿಗಿಟ್ಟಿದ್ದು. ನಾನು ಸೂತಕದಲ್ಲಿ ಕೊಯ್ದಿದ್ದು."

ಎತ್ತಿದ ಕೈಗಳು ಹಾಗೇ ನಿಂತವು. ಒಬ್ಬಾಕೆ ಚೌಕಟ್ಟಿನತ್ತ ನೋಡಿದಳು. ಕೀಳುವ ನೂಕಾಟಕ್ಕೆ ಅದು ಪಕ್ಕಕ್ಕೆ ಸರಿದಿತ್ತು, ಹಿಂದಿನ ಗೇಟಿನ ಮೇಲೆ ಟಾರಿನ ಗೆರೆ ಕಾಣುತ್ತಿತ್ತು. ಅವಳು ಕೈಯಲ್ಲಿದ್ದ ಹೂವನ್ನು ಕೆಂಡದ ಹಾಗೆ ಕೆಳಕ್ಕೆ ಬಿಟ್ಟಳು.

"ಲೇ, ಹಬ್ಬದ ದಿನ ಸೂತಕದ ಹೂವಿಗೆ ಕುಂಕುಮ ಇಡ್ಸಿದ್ಯೇನಲೇ!" ಎಂದು ಯಾರೋ ಅಬ್ಬರಿಸಿದರು. ಇನ್ನೊಬ್ಬರು ಅವನ ಕೊರಳಪಟ್ಟಿಗೆ ಕೈ ಹಾಕಿದರು. ಮಾಲೀಕರು ಬಿಡಿಸಿದರು. ಅವರು ಜಾಣರು, ಒಳಗೆ ಮಗ್ಗಗಳಿಗೆಲ್ಲ ಹೂ ಏರಿಸಿ ಆಗಿತ್ತು.

"ತಡೀರೋ. ಇವನಿಗ್ಯಾವ ಸೂತಕ? ಇವನು ಅವನಿಗೆ ಏನಾಗ್ಬೇಕು? ಏನೂ ಆಗಲ್ಲ. ಏನೂ ಆಗದೋನಿಗೆ ಸೂತಕವೂ ಇಲ್ಲ, ಹೂವಿಗೂ ಇಲ್ಲ. ಪೂಜೆ ನಡೀಲಿ." ಹಾಗೆಂದು ನನ್ನ ಕಡೆ ತಿರುಗಿದರು. "ಏನ್ ಹವಾಲ್ದಾರ್ರೇ, ದೇವರಿಗೂ ಹೆಣಕ್ಕೂ ಹೂ ಕಟ್ಟೋರು ನೀವು. ನಿಮಗಿಂತ ತಿಳಿದೋರ್ಯಾರು? ಹೇಳಿ. ಹೂ ಹಾಕ್ಬಹುದಾ, ಬೇಡ್ವಾ?"

ಬೆಳೆಗಾರ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದ. ನಾನು "ಹಾಕ್ಬಹುದು" ಎಂದಿದ್ದರೆ ಎಲ್ಲರಿಗೂ ಅನುಕೂಲ. ಪೂಜೆ ನಿಲ್ಲುತ್ತಿರಲಿಲ್ಲ, ಆ ಬೀದಿಯ ಮದುವೆ ಮುಂಜಿಗಳೆಲ್ಲ ನನ್ನ ಶೆಡ್ಡಿಗೇ ಬರುತ್ತಿದ್ದವು, ಅವನಿಗೂ ಪೆಟ್ಟು ತಪ್ಪುತ್ತಿತ್ತು. ಹೋಗುತ್ತಿದ್ದದ್ದು ಒಂದೇ, ಅವನು ಸತ್ತವನಿಗೆ ಏನೋ ಆಗಬೇಕಾದವನು ಎಂಬುದು.

"ಸೂತಕ ಇದೆ," ಎಂದೆ. "ನಮ್ಮ ಹಿತ್ತಲಲ್ಲಿ ಬೇರೆ ನೀರು, ಬೇರೆ ಚಾಕು ಇಟ್ಟು ಮಾಡಿದೀನಿ. ಅದು ಅವನ ಮನೆಯೋರ ಹೂ. ಎಲ್ಲಾ ತೆಗೀರಿ. ಮಗ್ಗ ತೊಳೀರಿ."

ಆಮೇಲೆ ಗದ್ದಲವಾಯಿತು. ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮಾಲೀಕರು ನನ್ನ ಮುಖವನ್ನೇ ನೋಡದೆ ಸತ್ತವನ ಅಣ್ಣನ ಮನೆಗೆ ನಡೆದರು, ಹಿಂದೆ ಇಡೀ ಬೀದಿ. ಸೂತಕದ ಮನೆಯಾದ್ದರಿಂದ ಅಲ್ಲಿ ಹಬ್ಬವಿರಲಿಲ್ಲ. ಅಣ್ಣ ಹೊಸ್ತಿಲಿನಲ್ಲಿ ನಿಂತು, "ಅವನು ನಮಗೆ ಯಾರೂ ಅಲ್ಲ. ಬೇಕಾದ್ರೆ ಪ್ರಮಾಣ ಮಾಡ್ತೀನಿ," ಎಂದರು. ಅವರ ಹಿಂದೆ ತಾಯಿ ಬಂದರು. ಹಬ್ಬದ ದಿನವೂ ಎಣ್ಣೆ ಕಾಣದ ತಲೆ. ಗುಂಪಿನ ಕೊನೆಯಲ್ಲಿದ್ದ ಬೆಳೆಗಾರನನ್ನು ಹುಡುಕಿ ನೋಡಿದರು. ಅವನ ಗಡ್ಡ ಬೆಳೆದಿತ್ತು, ಅಣ್ಣನ ಗಡ್ಡದಷ್ಟೇ.

"ಊಟ ಮಾಡ್ದೇನಪ್ಪಾ?" ಎಂದರು.

ಅವನು ಇಲ್ಲ ಎಂದು ತಲೆಯಾಡಿಸಿದ. ಅಣ್ಣ, "ಒಳಗೆ ನಡಿಯಮ್ಮ," ಎಂದರು. ತಾಯಿ ಬಾಗಿಲ ಚೌಕಟ್ಟನ್ನು ಹಿಡಿದು ಇನ್ನೊಂದು ಗಳಿಗೆ ನಿಂತರು. ಏನಾದರೂ ಹೇಳುತ್ತಾರೆಂದು ಬೀದಿಯೆಲ್ಲ ಕಾದು ನಿಂತಿತು. ಮಗನ ಮುಖ ನೋಡಿ ಒಳಗೆ ಹೋದರು.

ಮಗ್ಗಗಳನ್ನು ತೊಳೆದರು. ಬಾಯಲ್ಲಿ ಸೂತಕ ಇಲ್ಲ ಎಂದವರೂ ಕೈಯಲ್ಲಿ ತೊಳೆದರು. ಚೌಕಟ್ಟುಗಳನ್ನು ಕೆಡವಿ ಚರಂಡಿಯ ಪಕ್ಕ ರಾಶಿ ಹಾಕಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಕಿಗಳು ಮತ್ತೆ ಎದ್ದು ಕಂಡವು. ಸಂಜೆ ಟೀ ಅಂಗಡಿಯವರು ಕರಟದ ಚೂರು ತಂದು ತಮ್ಮ ಗೋಡೆಯದನ್ನು ಕೆರೆಯುತ್ತಿದ್ದುದನ್ನು ಕಂಡೆ. ದೀಪಾವಳಿಗೆ ಉಳಿದ ಗೋಡೆಗಳಿಗೂ ಸುಣ್ಣ ಬಿತ್ತು. ಮತ್ತೆ ಯಾರೂ ಬರೆಯಲಿಲ್ಲ. ಮನಸ್ಸು ಬದಲಾಯಿತೆಂದು ನಾನು ಹೇಳುತ್ತಿಲ್ಲ. ಹೆದರಿಕೆಯಿದ್ದರೂ ಇರಬಹುದು.

ಹನ್ನೊಂದನೆಯ ದಿನ ಬೆಳೆಗಾರ ಬೆಳಿಗ್ಗೆಯೇ ಒಗೆದ ಬಿಳಿ ಪಂಚೆಯುಟ್ಟು ನಮ್ಮ ಶೆಡ್ಡಿಗೆ ಬಂದು ಬೆಂಚಿನ ಮೇಲೆ ಕೂತ. ತಾಯಿ ಕರೆಸುತ್ತಾರೆ ಎಂದು ಅವನಿಗೆ ಅನಿಸಿತ್ತು. ಅವರು ಕೇಳಿದ ಆ ಒಂದು ಮಾತನ್ನು ಹಿಡಿದುಕೊಂಡು ಹಬ್ಬದಿಂದ ಈಚೆಗೆ ದಿನ ಕಳೆದಿದ್ದ. ಅಣ್ಣನ ಮನೆಯ ಮುಂದೆ ಶಾಮಿಯಾನ ಕಟ್ಟಿದ್ದರು. ಕ್ಷೌರದವರು ಬಂದು ಹೋದರು. ಹಂಡೆಯ ನೀರು ಕಾದಿತು, ಮನೆಯವರ ತಲೆಗೆಲ್ಲ ಬಿತ್ತು. ಊಟ ನಡೆಯಿತು, ಎಂಜಲೆಲೆ ಹೊರಗೆ ಬಂತು. ನಮ್ಮ ಶೆಡ್ಡಿಗೆ ಯಾರೂ ಬರಲಿಲ್ಲ.

ನನ್ನ ಹೆಂಡತಿ ನೀರು ಕಾಯಿಸಿ ಬಂದಳು. "ಏಳಪ್ಪಾ. ಅಕ್ಕ ಅಂದ್ಕೋ ನನ್ನ. ತಲೆ ಮೇಲೆ ಎರಡು ಚೊಂಬು ಹಾಕ್ತೀನಿ. ಕಳ್ಕೊಂಡ್ಬಿಡು ಇದನ್ನ."

"ಬೇಡಕ್ಕ," ಎಂದ. "ಅವರ ಮನೆಯೋರು ಕರೀಬೇಕು."

ಹೊತ್ತು ಇಳಿದ ಮೇಲೆ ಎದ್ದು ದೇವನಹಳ್ಳಿಯ ಬಸ್ಸು ಹತ್ತಿದ. ನೇಕಾರರ ಬೀದಿಯ ಮನೆಯನ್ನು ಆ ತಿಂಗಳೇ ಬಿಟ್ಟ.

ಆ ಬೀದಿಯ ಶುಭಕಾರ್ಯಗಳು ನನ್ನ ಶೆಡ್ಡಿನಿಂದ ತಪ್ಪಿಹೋದವು. ಬೇರೆ ಬೀದಿಗಳಿದ್ದವು, ಕೆಲಸ ನಡೆಯಿತು. ಮುಂದಿನ ವರ್ಷ ದಸರೆಗೆ ಹೂ ಕೇಳಲು ನಾನೇ ಅವನ ಹೊಲಕ್ಕೆ ಹೋದೆ. ಬದುವಿನಿಂದ ಬದುವಿಗೆ ಸೇವಂತಿಗೆ ಅರಳಿ ನಿಂತಿತ್ತು, ನಾನು ಅಂಥ ಹೂವನ್ನು ಮೊದಲು ನೋಡಿರಲಿಲ್ಲ.

"ಚಟ್ಟಕ್ಕಾದ್ರೆ ಎಷ್ಟು ಬೇಕಾದ್ರೂ ಒಯ್ಯಿರಿ," ಎಂದ. "ಪೂಜೆಗೆ, ಮದುವೆಗೆ ಕೊಡಲ್ಲ."

"ಇನ್ನೂ ಸೂತಕವೇನಪ್ಪಾ?"

"ಯಾರು ಕಳೆದ್ರು ಹವಾಲ್ದಾರ್ರೇ?"

ಅಲ್ಲಿಂದ ಮುಂದೆ ನನ್ನ ಶೆಡ್ಡಿನಿಂದ ಹೊರಟ ಪ್ರತಿ ಚಟ್ಟದ ಮೇಲೂ ಇದ್ದದ್ದು ಅವನ ಹೂ. ಕೆಲವು ವರ್ಷಗಳ ನಂತರ ಆ ತಾಯಿ ತೀರಿಕೊಂಡರು. ಸಾವಿನ ಕೆಲಸಕ್ಕೆ ಆ ಬೀದಿಯವರು ಆಗಲೂ ನನ್ನನ್ನೇ ಕರೆಯುತ್ತಿದ್ದರು. ಹೇಳಿ ಕಳುಹಿಸಿದ್ದಕ್ಕೆ ಬೆಳೆಗಾರ ತಾನೇ ಬುಟ್ಟಿ ಹೊತ್ತು ಬಂದ. ಬಾಗಿಲಲ್ಲಿ ಅಣ್ಣ ನಿಂತಿದ್ದರು, ತಲೆ ನರೆತಿತ್ತು. ಇವನನ್ನು ನೋಡಿದರು. ಗುರುತು ಹತ್ತಿತೆಂದು ಕಣ್ಣಿನಲ್ಲೇ ತಿಳಿಯಿತು. ಬೆಳೆಗಾರ ಬುಟ್ಟಿ ಇಳಿಸದೆ ಕಾದು ನಿಂತ.

ಅಣ್ಣ ಪಕ್ಕಕ್ಕೆ ಸರಿದು ಒಳಗಿನವರಿಗೆ ಹೇಳಿದರು: "ಹೂವಿನವನು ಬಂದವ್ನೆ. ದಾರಿ ಬಿಡಿ."